ಸೆಟ್ಟೇರಿದ ಶಬ್ದ

ಸಿನಿಮಾ ಪುಟ ಓದುವ ಕನ್ನಡಿಗರಿಗೆಲ್ಲ ‘ಸೆಟ್ಟೇರು’ ಎಂಬ ಕ್ರಿಯಾಪದದ ಪರಿಚಯ ಇದ್ದೇ ಇದೆ. ‘ಹೊಸ ಚಿತ್ರ ಮುಂದಿನ ತಿಂಗಳು ಸೆಟ್ಟೇರಲಿದೆ’ ಎಂದು ಪತ್ರಿಕೆಯವರು ಬರೆಯುತ್ತಾರೆ, ನಾವು ಕಾಫಿ ಕುಡಿಯುತ್ತ ಓದುತ್ತೇವೆ, ಯಾರ ಹುಬ್ಬೂ ಅಲುಗುವುದಿಲ್ಲ. ಪಟ್ಟವೇರುವುದು, ಗದ್ದುಗೆಯೇರುವುದು, ಹಸೆಮಣೆಯೇರುವುದು ಎಂದು ನಾವು ತಲೆಮಾರುಗಳಿಂದ ಏರುತ್ತ ಬಂದ ಸ್ಥಾನಗಳ ಸಾಲಿನಲ್ಲಿ ಸೆಟ್ಟೂ ಸದ್ದಿಲ್ಲದೆ ಬಂದು ನಿಂತಿದೆ. ಈ ಪದವನ್ನು ಟಂಕಿಸಿದ ಉಪಸಂಪಾದಕ ಯಾರೋ, ಅವರಿಗೊಂದು ಹಾರ ಹಾಕಬೇಕು. ಇನ್ನೂ ತಮಾಷೆಯೆಂದರೆ, ಸೆಟ್ಟೇರುವುದಕ್ಕೆ ಸೆಟ್ಟು ಇರಲೇಬೇಕೆಂಬ ಕಟ್ಟುಪಾಡಿಲ್ಲ. ಚಿತ್ರದ ಮುಹೂರ್ತ ಯಾವುದೋ ದೇವಸ್ಥಾನದಲ್ಲಿ ನಡೆಯುತ್ತದೆ, ಕ್ಯಾಮೆರಾಕ್ಕೆ ಕುಂಕುಮ ಇಟ್ಟು ಆರತಿ ಎತ್ತುತ್ತಾರೆ, ಚಿತ್ರೀಕರಣವೆಲ್ಲ ಸಕಲೇಶಪುರದ ತೋಟದಲ್ಲೋ ಬೆಂಗಳೂರಿನ ಬೀದಿಯಲ್ಲೋ ಆಗುತ್ತದೆ. ಒಂದು ಹಲಗೆಗೂ ಮೊಳೆ ಹೊಡೆದಿರುವುದಿಲ್ಲ. ಆದರೂ ಚಿತ್ರ ಸೆಟ್ಟೇರಿತು ಎಂದೇ ಸುದ್ದಿ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂದಾಗ ಅದನ್ನು ಚಿತ್ರಿಸಿದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆ ಕಾಲದವರು ಸೆಟ್ಟೇರಬೇಕಾದರೆ ಊರು ಬಿಟ್ಟು ಊರಿಗೆ ಹೋಗಬೇಕಿತ್ತು. ನಮ್ಮ ಕಾಲದವರು ಇಲ್ಲದ ಸೆಟ್ಟನ್ನೇ ಏರಿ ಇಳಿದು ಬರುತ್ತಾರೆ. ಇದನ್ನು ಪ್ರಗತಿ ಎನ್ನದೆ ಏನೆನ್ನೋಣ?

‘ಸೆಟ್’ ಎಂದು ಬರೆದರೆ ಒಂದೂವರೆ ಅಕ್ಷರ. ಆ ಒಂದೂವರೆ ಅಕ್ಷರ ನಮ್ಮ ಮನೆ, ಹೊಲ, ಹೋಟೆಲು, ಬಾಯಿ ಎಲ್ಲವನ್ನೂ ಹೊಕ್ಕು ಕೂತಿದೆ. ಮನೆಯೊಳಕ್ಕೆ ಅದು ಬಂದದ್ದು ರೇಡಿಯೋ ಜೊತೆಗೆ. ಹಿಂದಿನವರು ಬರೀ ರೇಡಿಯೋ ಎನ್ನುತ್ತಿರಲಿಲ್ಲ, ‘ರೇಡಿಯೋ ಸೆಟ್’ ಎನ್ನುತ್ತಿದ್ದರು. ಒಂದೇ ಒಂದು ಪೆಟ್ಟಿಗೆಗೆ ಸೆಟ್ ಎಂಬ ಸಮೂಹವಾಚಕ ಏಕೆ ಎಂದರೆ, ಮೊದಮೊದಲು ಅದು ಒಂದು ಪೆಟ್ಟಿಗೆ ಆಗಿರಲಿಲ್ಲ. ತಂತಿಯ ಸುರುಳಿ, ವಾಲ್ವು, ಬ್ಯಾಟರಿ, ಕಿವಿಗೆ ಹಚ್ಚುವ ಹೆಡ್‌ಫೋನು ಎಲ್ಲ ಬೇರೆ ಬೇರೆ; ಅವನ್ನೆಲ್ಲ ಜೋಡಿಸಿದರೆ ಒಂದು ಸೆಟ್. ಆಮೇಲೆ ಎಲ್ಲವೂ ಒಂದೇ ಮರದ ಡಬ್ಬದೊಳಗೆ ಅಡಗಿದವು, ಹೆಸರು ಮಾತ್ರ ಹೊರಗೇ ಉಳಿಯಿತು. ಆ ಸೆಟ್ ಇಟ್ಟುಕೊಳ್ಳುವುದಕ್ಕೆ ಸರ್ಕಾರದ ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಶುಲ್ಕ ಕಟ್ಟಿ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಪ್ರದೇಶ ಸಮಾಚಾರ ಕೇಳುವುದಕ್ಕೆ ಪರವಾನಗಿಯೇ ಎಂದು ನಗುತ್ತಾರೆ.

ರೇಡಿಯೋದ ಹಿಂದೆ ಟಿ.ವಿ. ಸೆಟ್ ಬಂತು. ಅದರ ಬೆನ್ನು ಎಷ್ಟು ಅಗಲವಿತ್ತೆಂದರೆ ಮೇಲೊಂದು ಕಸೂತಿ ಬಟ್ಟೆ ಹಾಸಿ, ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟು, ಪಕ್ಕದಲ್ಲಿ ತಿರುಪತಿಯ ವೆಂಕಟರಮಣನಿಗೂ ಜಾಗ ಉಳಿಯುತ್ತಿತ್ತು. ಈ ಸಮತಟ್ಟಾದ ನೆತ್ತಿಯನ್ನು ನಂಬಿಕೊಂಡೇ ‘ಸೆಟ್ ಟಾಪ್ ಬಾಕ್ಸ್’ ಎಂಬ ಹೆಸರು ಹುಟ್ಟಿದ್ದು: ಸೆಟ್ಟಿನ ತಲೆಯ ಮೇಲೆ ಕೂರುವ ಡಬ್ಬಿ. ಬೆಂಗಳೂರು, ಮೈಸೂರುಗಳ ಕೇಬಲ್ ಗ್ರಾಹಕರು 2013ರ ಮಾರ್ಚ್ 31ರೊಳಗೆ ಡಿಜಿಟಲ್ ವ್ಯವಸ್ಥೆಗೆ ಬರಬೇಕೆಂದು ಗಡುವು ಬಿದ್ದಾಗ ಎಲ್ಲರೂ ಆ ಡಬ್ಬಿಗಾಗಿ ಮುಗಿಬಿದ್ದರು. ಅಷ್ಟು ಹೊತ್ತಿಗೆ ಟಿ.ವಿ. ಹಪ್ಪಳದ ದಪ್ಪಕ್ಕೆ ಇಳಿದು ಗೋಡೆಗೆ ಅಂಟಿಕೊಂಡಿತ್ತು. ಅದರ ತಲೆಯ ಮೇಲೆ ಸೊಳ್ಳೆ ಕೂತರೂ ಜಾರಬೇಕು. ಡಬ್ಬಿ ಎಲ್ಲಿ ಕೂರಬೇಕು? ಹೆಸರಿನಲ್ಲಿ ನೆತ್ತಿಯ ಪಟ್ಟ ಪಡೆದ ಆ ಡಬ್ಬಿ ಈಗ ಟಿ.ವಿ.ಯ ಕೆಳಗೋ, ಹಿಂದೆ ಧೂಳಿನಲ್ಲಿ ನೇತಾಡುತ್ತಲೋ ಕಾಲ ತಳ್ಳುತ್ತಿದೆ. ಕಚೇರಿಗಳಲ್ಲಿ ಇಂಥ ಪದನಾಮ ಹೊತ್ತವರು ಬಹಳ ಮಂದಿ ಇದ್ದಾರೆ. ಅವರಿಗೆ ಈ ಡಬ್ಬಿಯ ನೋವು ಅರ್ಥವಾದೀತು.

ಹಳ್ಳಿಯಲ್ಲಿ ಸೆಟ್ ಎಂದರೆ ರೇಡಿಯೋವೂ ಅಲ್ಲ, ಟಿ.ವಿ.ಯೂ ಅಲ್ಲ, ಪಂಪ್‌ಸೆಟ್ಟು. ಮೋಟಾರು, ಪಂಪು, ಪೈಪು, ಸ್ಟಾರ್ಟರು ಎಲ್ಲ ಕೂಡಿ ಒಂದು ಸೆಟ್. ವಿದ್ಯುತ್ ಕಂಪನಿಯ ಕಡತದಲ್ಲಿ ಇದರ ಹೆಸರು ಐ.ಪಿ. ಸೆಟ್, ನೀರಾವರಿ ಪಂಪು ಎಂದು ಅರ್ಥ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮಗ ಐ.ಪಿ. ಎಂದರೆ ಕಂಪ್ಯೂಟರಿನ ವಿಳಾಸ ಎಂದುಕೊಂಡಿರುತ್ತಾನೆ. ಅಪ್ಪ ಫೋನು ಮಾಡಿ ‘ಐಪಿ ಸೆಟ್ ಕೆಟ್ಟೋಗೈತೆ ಕಣೋ’ ಎಂದರೆ ಅವನು ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡು’ ಎನ್ನುತ್ತಾನೆ. ಸೋಜಿಗವೆಂದರೆ ಆ ಸಲಹೆ ಎಷ್ಟೋ ಸಲ ಎರಡೂ ಕಡೆ ಕೆಲಸ ಮಾಡುತ್ತದೆ! 10 ಎಚ್.ಪಿ.ವರೆಗಿನ ಸೆಟ್ಟಿಗೆ ಕರೆಂಟು ಉಚಿತ. ಆದರೆ ಅದು ಯಾವಾಗ ಬರುತ್ತದೆ ಎಂಬುದು ಬೇರೆ ಪ್ರಶ್ನೆ. ತ್ರೀ ಫೇಸು ಅಪರಾತ್ರಿಯಲ್ಲಿ ಬಂದರೆ ಟಾರ್ಚು ಹಿಡಿದು ಹಾವು ಚೇಳುಗಳ ನಡುವೆ ಹೊಲಕ್ಕೆ ನಡೆಯಬೇಕು. ಆ ಪಾಡು ಬೇಡವೆಂದು ಆಟೋ ಸ್ಟಾರ್ಟರು ಕೂರಿಸಿದವರಿದ್ದಾರೆ. ಊರಿನ ಸೆಟ್ಟುಗಳೆಲ್ಲ ಕರೆಂಟು ಬಂದ ಕ್ಷಣವೇ ಒಟ್ಟಿಗೆ ಎದ್ದು ನಿಂತರೆ ಟಿ.ಸಿ. ಎಂಬ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುತ್ತದೆ. ಆಗ ಊರಿಗೆ ಊರೇ ಲೈನ್‌ಮ್ಯಾನನ ದಾರಿ ಕಾಯುತ್ತ ಅರಳಿಕಟ್ಟೆಯ ಮೇಲೆ ಕೂರುತ್ತದೆ.

ಮದುವೆಮನೆಯ ಸೆಟ್ಟುಗಳ ಕಥೆಯೇ ಬೇರೆ. ಮುಯ್ಯಿ ಬರೆಯುವವರ ಪಟ್ಟಿಯಲ್ಲಿ ಒಂದು ಕಾಲಕ್ಕೆ ತಪ್ಪದೆ ಕಾಣುತ್ತಿದ್ದ ವಸ್ತು ‘ಲೆಮನ್ ಸೆಟ್’. ಒಂದು ಜಗ್ಗು, ಆರು ಲೋಟ, ಮೇಲೆ ನಿಂಬೆಹಣ್ಣಿನದೋ ಕೆಂಪು ಹೂವಿನದೋ ಚಿತ್ರ. ಅದರಲ್ಲಿ ನಿಂಬೆ ಪಾನಕ ಮಾಡಿ ಕುಡಿದ ಮನೆಯನ್ನು ನಾನು ಕಂಡಿಲ್ಲ. ಲೆಮನ್ ಸೆಟ್ ಇರುವುದು ಕುಡಿಯುವುದಕ್ಕಲ್ಲ, ಕೊಡುವುದಕ್ಕೆ. ಈ ಮದುವೆಯಲ್ಲಿ ಬಂದದ್ದು ಆ ಗೃಹಪ್ರವೇಶಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಉಪನಯನಕ್ಕೆ. ಬಣ್ಣದ ಕಾಗದ ಮಾತ್ರ ಹೊಸದು. ಹೀಗೆ ಊರೂರು ಸುತ್ತಿದ ಸೆಟ್ಟು ಕೊನೆಗೊಂದು ದಿನ ಮೊದಲು ಕೊಟ್ಟವರ ಮನೆಗೇ ಮರಳಿದ್ದೂ ಉಂಟು. ಆ ಮನೆಯ ಯಜಮಾನಿ ಡಬ್ಬದ ಮೂಲೆಯಲ್ಲಿದ್ದ ತನ್ನದೇ ಕೈಬರಹದ ಹೆಸರನ್ನು ನೋಡಿ ಏನೂ ಮಾತಾಡದೆ, ಮುಂದಿನ ಮದುವೆಗೆಂದು ಅಟ್ಟಕ್ಕೆ ಸೇರಿಸಿದಳಂತೆ.

ಡಿನ್ನರ್ ಸೆಟ್ಟಿನದು ಇನ್ನೂ ದೊಡ್ಡ ಸಂಸಾರ. 51 ಪೀಸಿನ ಸ್ಟೀಲ್ ಸೆಟ್ಟು ಎಂದರೆ ಹೆಣ್ಣಿನ ಕಡೆಯವರು ಒಂದು ಗುಕ್ಕು ನೀರು ಕುಡಿದು ಹೇಳುತ್ತಿದ್ದ ಮಾತು. ಅದು ಶೋಕೇಸಿನಲ್ಲಿ ಕೂತಿರುತ್ತದೆ, ಊಟ ಮಾತ್ರ ಹಳೆಯ ಸೊಟ್ಟ ತಟ್ಟೆಯಲ್ಲೇ. ‘ಯಾರಾದರೂ ಬಂದಾಗ ತೆಗೆಯೋಣ’ ಎನ್ನುತ್ತಾರೆ. ಯಾರಾದರೂ ಬಂದಾಗ ‘ಇವರೇನು ಹೊರಗಿನವರೇ’ ಎನ್ನುತ್ತಾರೆ. ಪಿಂಗಾಣಿ ಟೀ ಸೆಟ್ಟಿನಲ್ಲಿ ಬಸಿಗಳು ದೀರ್ಘಾಯುಷಿಗಳು, ಕಪ್ಪುಗಳು ಅಲ್ಪಾಯುಷಿಗಳು. ಒಂದು ಕಪ್ಪು ಒಡೆದರೆ ಉಳಿದ ಐದು ಚೆನ್ನಾಗಿಯೇ ಇದ್ದರೂ ‘ಸೆಟ್ ಹಾಳಾಯ್ತು’ ಎಂಬ ಶೋಕ. ಚಿನ್ನದಂಗಡಿಯಲ್ಲೂ ಅದೇ ನ್ಯಾಯ. ನೆಕ್ಲೇಸು, ಓಲೆ, ಬಳೆ, ಉಂಗುರ ಎಲ್ಲಕ್ಕೂ ಒಂದೇ ಕೆತ್ತನೆ ಇದ್ದರೆ ಸೆಟ್. ಜುಮಕಿ ಒಂದು ಕಳೆದರೆ ತೂಕದಲ್ಲಿ ಹೋದದ್ದು ಎರಡು ಗ್ರಾಮು, ಮನಸ್ಸಿನಲ್ಲಿ ಹೋದದ್ದು ಪೂರಾ ಸೆಟ್. ಸೆಟ್ ಎಂಬುದರ ಬೆಲೆ ಅದರೊಳಗಿನ ವಸ್ತುಗಳದಲ್ಲ, ಯಾವುದೂ ಕಡಿಮೆಯಾಗಿಲ್ಲ ಎಂಬ ನೆಮ್ಮದಿಯದು.

ವಯಸ್ಸಾದ ಮೇಲೆ ಇನ್ನೊಂದು ಸೆಟ್ಟು ಮನೆಗೆ ಬರುತ್ತದೆ, ಹಲ್ಲಿನದು. ದೇವರು ಕೊಟ್ಟ ಸೆಟ್ಟಿನಲ್ಲಿ 32 ಇದ್ದವು, ಒಂದೊಂದಾಗಿ ಕಳಚಿಕೊಂಡವು. ಡಾಕ್ಟರು ಕೊಟ್ಟದ್ದು ಒಂದೇ ಸಲ ಬಾಯಿಗೆ ಬರುತ್ತದೆ, ರಾತ್ರಿ ಒಂದೇ ಸಲ ಲೋಟದ ನೀರಿಗೆ ಇಳಿಯುತ್ತದೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರನ್ನು ‘ಹೇಗಿದೆ ಸರ್ ಹೊಸ ಹಲ್ಲು?’ ಎಂದು ಕೇಳಿದ್ದಕ್ಕೆ ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ‘ಸೆಟ್ಟೇನೋ ಬಂತಪ್ಪ, ಇನ್ನೂ ಸೆಟ್ ಆಗಿಲ್ಲ’ ಎಂದರು. ವ್ಯಾಕರಣದ ಮೇಷ್ಟ್ರಾಗಿದ್ದವರು, ನಾಮಪದವನ್ನೂ ಕ್ರಿಯಾಪದವನ್ನೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂರಿಸಿಬಿಟ್ಟರು.

ಹಲ್ಲು ಸೆಟ್ ಆಗದವರಿಗೆ ಹೇಳಿ ಮಾಡಿಸಿದ ತಿಂಡಿ ಸೆಟ್ ದೋಸೆ. ಮಸಾಲೆ ದೋಸೆ ಗರಿಗರಿಯಾಗಿ ಒಬ್ಬಂಟಿಯಾಗಿ ಬರುತ್ತದೆ. ಸೆಟ್ ದೋಸೆ ಮೆತ್ತಗೆ ಮೈತುಂಬ ತೂತು ಮಾಡಿಕೊಂಡು ಮೂರು ಮೂರಾಗಿ ಒಂದರ ಮೇಲೊಂದು ಒರಗಿ ಬರುತ್ತದೆ. ಹಿಟ್ಟಿಗೆ ಅವಲಕ್ಕಿ ಸೇರಿರುತ್ತದೆ, ಕಾವಲಿಯ ಮೇಲೆ ಮುಚ್ಚಳ ಮುಚ್ಚಿ ಒಂದೇ ಮಗ್ಗುಲು ಬೇಯಿಸುತ್ತಾರೆ, ಜೊತೆಗೆ ಸಾಗು, ಚಟ್ನಿ. ಹೋಟೆಲಿನಲ್ಲಿ ‘ಒಂದು ಸೆಟ್’ ಎಂದು ಕೂಗಿದರೆ ದೋಸೆಯ ಹೆಸರನ್ನು ಹೇಳುವುದೂ ಬೇಕಿಲ್ಲ, ಒಳಗಿನ ಭಟ್ಟರಿಗೆ ತಿಳಿಯುತ್ತದೆ. ಹಸಿವು ಕಮ್ಮಿಯಿರುವವರು ‘ಸೆಟ್ ದೋಸೆ, ಸಿಂಗಲ್’ ಎನ್ನುತ್ತಾರೆ. ತರ್ಕಶಾಸ್ತ್ರದವರು ತಲೆ ಚಚ್ಚಿಕೊಳ್ಳಬೇಕಾದ ಮಾತು ಇದು: ಸೆಟ್ಟಿನಿಂದ ಬಿಡಿಸಿಕೊಂಡು ಒಂಟಿಯಾಗಿ ಬಂದ ಮೇಲೆ ಅದು ಸೆಟ್ ದೋಸೆ ಹೇಗಾದೀತು? ಸಪ್ಲೈಯರ್ ಹುಡುಗನಿಗೆ ಇಂಥ ಸಂಶಯಗಳಿಲ್ಲ. ‘ಒಂದ್ ಸಿಂಗಲ್ ಸೆಟ್ಟೇಯ್!’ ಎಂದು ಕೂಗಿ ಮುಂದಿನ ಟೇಬಲ್ಲಿಗೆ ಹೋಗುತ್ತಾನೆ.

ಹಾಗೆ ನೋಡಿದರೆ ಗುಂಪನ್ನು ಹೆಸರಿಸುವುದಕ್ಕೆ ನಮಗೆ ಯಾರ ಸಾಲವೂ ಬೇಕಿರಲಿಲ್ಲ. ವೀಳ್ಯದೆಲೆಗೆ ಕವಳಿಗೆ, ಬಾಳೆಹಣ್ಣಿಗೆ ಚಿಪ್ಪು, ಚಿಪ್ಪುಗಳಿಗೆ ಗೊನೆ, ದ್ರಾಕ್ಷಿಗೆ ಗೊಂಚಲು, ಸೊಪ್ಪಿಗೆ ಕಟ್ಟು, ಚಪ್ಪಲಿಗೆ ಜೊತೆ, ಎತ್ತಿಗೆ ಜೋಡಿ. ಒಂದರ ಮಾತನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ. ಬಾಳೆಹಣ್ಣನ್ನು ಕವಳಿಗೆ ಲೆಕ್ಕದಲ್ಲಿ ಕೇಳಿದರೆ ಅಂಗಡಿಯಾಕೆ ಕಣ್ಣು ಬಿಟ್ಟು ನೋಡುತ್ತಾಳೆ. ಸೆಟ್ಟಿಗೆ ಅಂಥ ಮಡಿ ಮೈಲಿಗೆ ಇಲ್ಲ. ಸಾಕೆಟ್ಟು ಸ್ಪ್ಯಾನರುಗಳೂ ಸೆಟ್, ದಸರಾ ಗೊಂಬೆಗಳ ದಶಾವತಾರವೂ ಸೆಟ್, ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಸೆಟ್. ಇಸ್ಪೀಟಿನ ರಮ್ಮಿಯಲ್ಲಿ ಮೂರು ರಾಜರು ಸೇರಿದರೂ ಸೆಟ್. ಕಾಲೇಜಿನಲ್ಲಿ ಪಾಠ ಹೇಳಲು ಅರ್ಹತೆ ಬೇಕೆಂದರೆ ಬರೆಯಬೇಕಾದ ಪರೀಕ್ಷೆಯೂ ಕೆ-ಸೆಟ್. ‘ನಮ್ಮ ಹುಡುಗಿಗೆ ಸೆಟ್ ಆಗಿದೆ’ ಎಂದು ತಂದೆ ಹೇಳಿದರೆ ಪರೀಕ್ಷೆ ಪಾಸಾಯಿತೋ ಸಂಬಂಧ ಕುದುರಿತೋ ಎಂದು ಕೇಳಿದವರು ಒಂದು ಗಳಿಗೆ ತಡೆದು ಅಭಿನಂದಿಸಬೇಕು.

ಶಾಲೆಯಲ್ಲಿ ಕನ್ನಡ ಮಾಧ್ಯಮದವರಿಗೆ ಗಣಿತದ ಸೆಟ್ಟು ‘ಗಣ’ವಾಗಿ ಪರಿಚಯ. ಉಪಗಣ, ಶೂನ್ಯ ಗಣ ಎಂದು ಉರುಹೊಡೆದದ್ದು ನೆನಪಿರಬೇಕು. ಏನೂ ಇಲ್ಲದ್ದಕ್ಕೂ ಒಂದು ಗಣವೇ ಎಂದು ಬೆರಗಾದವರು ಆಮೇಲೆ ತಿಂಗಳ ಕೊನೆಯಲ್ಲಿ ಪರ್ಸು ತೆರೆದಾಗ ಆ ಪಾಠವನ್ನು ಪೂರ್ತಿ ಮನನ ಮಾಡಿಕೊಂಡರು. ಈ ಗಣಗಳ ಶಾಸ್ತ್ರ ಹುಟ್ಟಿದ್ದು ಜರ್ಮನಿಯ ಗೇಯಾರ್ಗ್ ಕ್ಯಾಂಟರ್ 1874ರಲ್ಲಿ ಪ್ರಕಟಿಸಿದ ಒಂದು ಲೇಖನದಿಂದ. ಅನಂತದಲ್ಲೂ ಸಣ್ಣದು ದೊಡ್ಡದು ಉಂಟು ಎಂದು ಅವನು ತೋರಿಸಿಕೊಟ್ಟ. ಗಣಿತದವರೆಲ್ಲ ಈ ಹೊಸ ಮನೆಯಲ್ಲಿ ಹಾಯಾಗಿರೋಣ ಎನ್ನುವಾಗ ಬರ್ಟ್ರಂಡ್ ರಸೆಲ್ 1901ರಲ್ಲಿ ಒಂದು ತಂಟೆ ತೆಗೆದ: ತನ್ನನ್ನು ತಾನು ಒಳಗೊಳ್ಳದ ಗಣಗಳನ್ನೆಲ್ಲ ಒಂದು ಗಣ ಮಾಡಿದರೆ, ಆ ಗಣ ತನ್ನನ್ನು ಒಳಗೊಳ್ಳುತ್ತದೆಯೋ ಇಲ್ಲವೋ? ಹೌದೆಂದರೆ ಇಲ್ಲ, ಇಲ್ಲವೆಂದರೆ ಹೌದು. ತಲೆ ತಿರುಗಿದರೆ ಊಟದ ಮನೆಗೆ ಬನ್ನಿ. ತಾವಾಗಿ ಬಡಿಸಿಕೊಳ್ಳದವರಿಗೆಲ್ಲ ಅಮ್ಮ ಬಡಿಸುತ್ತಾಳೆ, ತಾವಾಗಿ ಬಡಿಸಿಕೊಳ್ಳುವವರಿಗೆ ಬಡಿಸುವುದಿಲ್ಲ. ಹಾಗಾದರೆ ಅಮ್ಮನಿಗೆ ಬಡಿಸುವವರು ಯಾರು? ಯುರೋಪಿನ ಗಣಿತಜ್ಞರು ಈ ಗಂಟು ಬಿಡಿಸಲು ಹೊಸ ಸೂತ್ರಗಳನ್ನೇ ಕಟ್ಟಿದರು. ನಮ್ಮ ಮನೆಗಳಲ್ಲಿ ಅಮ್ಮ ‘ನಂದು ಆಮೇಲೆ’ ಎಂದು ಹೇಳಿ ಸಮಸ್ಯೆಯನ್ನು ಎಷ್ಟೋ ಶತಮಾನಗಳಿಂದ ಮುಂದೂಡುತ್ತ ಬಂದಿದ್ದಾಳೆ.

ಕ್ರೀಡಾ ಪುಟಕ್ಕೆ ಬಂದರೆ ‘ನೇರ ಸೆಟ್‌ಗಳ ಜಯ’. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ತಮ್ಮ 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗಲೂ ಹಾಗೆಯೇ ಬರೆದರು: ನೇರ ಸೆಟ್‌ಗಳಲ್ಲಿ ಮಣಿಸಿದರು. ನೇರ ಸೆಟ್ ಇದ್ದ ಮೇಲೆ ಡೊಂಕು ಸೆಟ್ ಎಂಬುದೂ ಇರಬೇಕಲ್ಲ ಎಂದು ಟೆನಿಸ್ ಗೊತ್ತಿಲ್ಲದ ನಮ್ಮ ದೊಡ್ಡಪ್ಪ ಕೇಳುತ್ತಿದ್ದರು. ಇದ್ದರೆ ಅದು 2010ರ ವಿಂಬಲ್ಡನ್ನಿನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಹೂ ಆಡಿದ ಐದನೆಯ ಸೆಟ್ಟೇ ಸರಿ. ಎರಡು ಗೇಮುಗಳ ಅಂತರ ಸಿಕ್ಕದೆ ಸೆಟ್ಟು ಮುಗಿಯಕೂಡದೆಂದು ಆಗಿನ ನಿಯಮ. ಅವನು ಗೆದ್ದರೆ ಇವನೂ ಗೆಲ್ಲುತ್ತಾನೆ. ಪಂದ್ಯ ಮೂರು ದಿನಗಳಿಗೆ ಹರಡಿ ಒಟ್ಟು 11 ಗಂಟೆ 5 ನಿಮಿಷ ನಡೆಯಿತು. ಸ್ಕೋರು 47–47 ಆದಾಗ ಅಂಕ ತೋರಿಸುವ ಫಲಕವೇ ಸುಸ್ತಾಗಿ ನಿಂತುಹೋಯಿತು. ಅದಕ್ಕಿಂತ ಮುಂದೆ ಎಣಿಸುವಂತೆ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಇಸ್ನರ್ 70–68ರಲ್ಲಿ ಗೆದ್ದ. ಅನೇಕ ಪಂದ್ಯಗಳು ಆರಂಭದಿಂದ ಅಂತ್ಯದವರೆಗೆ ಮುಗಿಯುವಷ್ಟು ಹೊತ್ತು ಒಂದೇ ಸೆಟ್ಟು ಉಸಿರು ಹಿಡಿದುಕೊಂಡಿತ್ತು. ಕ್ರಿಕೆಟ್ಟಿನಲ್ಲಿ ಇದಕ್ಕೆ ತದ್ವಿರುದ್ಧ. ಒಬ್ಬ ಬ್ಯಾಟ್ಸ್‌ಮನ್ ತಡವರಿಸಿ, ತಡಕಾಡಿ, ಮೂವತ್ತು ರನ್ನು ಮಾಡಿ, ಮನೆಮಂದಿಯೆಲ್ಲ ‘ಹಾಂ, ಈಗ ಸೆಟ್ ಆದ ನೋಡು’ ಎಂದು ಸೋಫಾಕ್ಕೆ ಬೆನ್ನು ಕೊಟ್ಟ ಮರುಚೆಂಡಿಗೇ ಔಟು. ಹಾಗೆ ಹೇಳಿದವರನ್ನು ಮುಂದಿನ ಪಂದ್ಯದಲ್ಲಿ ಟಿ.ವಿ. ಇರುವ ಕೋಣೆಗೇ ಬಿಡುವುದಿಲ್ಲ.

ಮನೆ ಕಟ್ಟಿಸಿದವರಿಗೆ ಇನ್ನೊಂದು ‘ಸೆಟ್ ಆಗುವುದು’ ಗೊತ್ತು. ಮೋಲ್ಡು ಹಾಕಿದ ದಿನ ಗಾರೆ ಮೇಸ್ತ್ರಿ ‘ಯಾರೂ ಮೇಲೆ ಹತ್ತಬ್ಯಾಡ್ರಿ, ಸೆಟ್ ಆಗ್ಲಿ’ ಎಂದು ಹೇಳಿ ಬೀಡಿ ಹಚ್ಚುತ್ತಾನೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಗಟ್ಟಿಯಾಗುವುದು ಒಣಗಿ ಅಲ್ಲ, ನೀರನ್ನು ಹೀರಿ, ನೀರಿನ ಜೊತೆ ರಾಸಾಯನಿಕವಾಗಿ ಕೂಡಿ. ಅದಕ್ಕೇ ಗಟ್ಟಿಯಾದ ಮೇಲೂ ದಿನಗಟ್ಟಲೆ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡುವುದು. ಮಾಮೂಲಿ ಸಿಮೆಂಟು 30 ನಿಮಿಷಕ್ಕೆ ಮೊದಲು ಬಿಗಿಯತೊಡಗಬಾರದು, 600 ನಿಮಿಷ ದಾಟಿಯೂ ಮೆತ್ತಗಿರಬಾರದು ಎಂದು ನಮ್ಮ ದೇಶದ ಮಾನಕವಿದೆ. ತೀರಾ ಬೇಗ ಸೆಟ್ ಆಗದಿರಲೆಂದು ಕಾರ್ಖಾನೆಯಲ್ಲೇ ಸ್ವಲ್ಪ ಜಿಪ್ಸಂ ಬೆರೆಸಿರುತ್ತಾರೆ. ಗಂಡುಹೆಣ್ಣಿನ ಜಾತಕ ನೋಡುವವರು ಇಂಥದೊಂದು ಮಾನಕ ಇಟ್ಟುಕೊಂಡಿದ್ದರೆ ಎಷ್ಟೋ ಸಂಸಾರಗಳು ಬಿರುಕು ಬಿಡುತ್ತಿರಲಿಲ್ಲ.

ಸಿಮೆಂಟಿನಿಂದ ಸಂಸಾರಕ್ಕೆ ಬಂದದ್ದು ಜಾರಿ ಬಂದದ್ದಲ್ಲ. ಈ ಶಬ್ದವೇ ಆ ದಾರಿ ಹಿಡಿದಿದೆ. ‘ಅವನಿಗೂ ನನಗೂ ಸೆಟ್ ಆಗಲ್ಲ’, ‘ಈ ಬಣ್ಣ ನಿಂಗೆ ಸೆಟ್ ಆಗುತ್ತೆ ಕಣೇ’, ‘ರಾತ್ರಿ ತಿಂದ ಬೋಂಡ ಹೊಟ್ಟೆಗೆ ಸೆಟ್ ಆಗ್ಲಿಲ್ಲ’, ‘ಹೊಸ ಊರು, ಇನ್ನೂ ಸೆಟ್ ಆಗ್ತಿದೀವಿ’. ಧಾರವಾಡದ ಕಡೆ ‘ನಮಗ ಸೆಟ್ ಆಗಂಗಿಲ್ಲ ಬಿಡ್ರೀ’ ಎಂದರೆ ಅಲ್ಲಿಗೆ ಮಾತುಕತೆ ಮುಗಿಯಿತು. ಇಂಗ್ಲಿಷರ ಎದುರು ಹೀಗೆ ಬಳಸಿದರೆ ಅವರು ಪಿಳಿಪಿಳಿ ನೋಡುತ್ತಾರೆ. ಅವರ ಸೆಟ್ಟಿಗೆ ಈ ಅರ್ಥಗಳೆಲ್ಲ ಇಲ್ಲ. ಇವು ನಾವೇ ಹಚ್ಚಿದ್ದು. ಎಲ್ಲಿಂದ ತಂದು ಹಚ್ಚಿದೆವು ಎಂದರೆ, ನಮ್ಮದೇ ಒಂದು ಹಳೆಯ ಕ್ರಿಯಾಪದದಿಂದ. ‘ಕೂರು’ ಎಂಬುದನ್ನು ಸ್ವಲ್ಪ ನೋಡಿ. ಅಂಗಿ ಮೈಗೆ ಚೆನ್ನಾಗಿ ಕೂತಿದೆ ಎನ್ನುತ್ತೇವೆ. ಬಣ್ಣ ಕೂತಿತು, ಶ್ರುತಿ ಕೂತಿತು, ತಾಳ ಕೂರಲಿಲ್ಲ, ಪಾಠ ತಲೆಯಲ್ಲಿ ಕೂರಲಿಲ್ಲ, ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಬಾಗಿಲ ಚೌಕಟ್ಟು ಕೂರಿಸುತ್ತೇವೆ, ಕಲ್ಲಿನ ಹರಳು ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ. ಭಾದ್ರಪದ ಚೌತಿಗೆ ಗಣಪತಿ ಕೂರಿಸುತ್ತೇವೆ. ಕೂರಿಸುವುದೂ ಸೆಟ್, ಗಣವೂ ಸೆಟ್ ಆದ್ದರಿಂದ ಇಂಗ್ಲಿಷಿನ ಎರಡು ಸೆಟ್ಟುಗಳು ಒಂದೇ ಪೆಂಡಾಲಿನಲ್ಲಿ ಕೂತಂತಾಯಿತು. ಕನ್ನಡ ಮೊದಲೇ ಹೀಗೆ ಯೋಚಿಸುತ್ತಿದ್ದುದರಿಂದಲೇ ಸೆಟ್ ಬಂದಾಗ ಅದಕ್ಕೆ ಹೊಸ ಮಾತು ಕಲಿಸಬೇಕಾಗಲಿಲ್ಲ. ಕೂರು ಮಾಡುತ್ತಿದ್ದ ಕೆಲಸವನ್ನೇ ಅದಕ್ಕೂ ಹಂಚಿದೆವು. ಸೆಟೆದು ನಿಲ್ಲುವುದು ಎಂಬ ನಮ್ಮ ‘ಸೆಟೆ’ಗೂ ಇದಕ್ಕೂ ರಕ್ತಸಂಬಂಧವಿಲ್ಲ, ಆದರೆ ಕಿವಿಗೆ ಮಾತ್ರ ಅಣ್ಣತಮ್ಮಂದಿರ ಹಾಗೆ ಕೇಳುತ್ತವೆ.

ರಕ್ತಸಂಬಂಧ ಇರುವುದು ಬೇರೆ ಕಡೆ. ಇಂಗ್ಲಿಷಿನ ಸೆಟ್ ಎಂಬ ಕ್ರಿಯಾಪದ ‘ಸಿಟ್’ನ ಪ್ರೇರಣಾರ್ಥಕ ರೂಪ, ಎಂದರೆ ಅಕ್ಷರಶಃ ‘ಕೂರಿಸು’. ಆ ಸಿಟ್‌ಗೂ ಸಂಸ್ಕೃತದ ‘ಸದ್’ ಧಾತುವಿಗೂ ಬೇರು ಒಂದೇ. ಸದನ ಎಂದರೆ ಕೂರುವ ಜಾಗ, ಪರಿಷತ್ತು ಎಂದರೆ ಸುತ್ತ ಕೂತವರು, ಉಪನಿಷತ್ತು ಗುರುವಿನ ಹತ್ತಿರ ಕೂತು ಕೇಳಿದ್ದು. ಹಕ್ಕಿಯ ಗೂಡಿಗೆ ಹೇಳುವ ‘ನೀಡ’ ಕೂಡ ಇದೇ ವಂಶದ್ದು, ಇಂಗ್ಲಿಷಿನ ‘ನೆಸ್ಟ್’ ಅದರ ದಾಯಾದಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತೂ ಉಡುಪಿ ಹೋಟೆಲಿನ ಸೆಟ್ ದೋಸೆಯೂ ಮೂರನೆಯ ತಲೆಮಾರಿನ ನೆಂಟರು ಎಂದು ಯಾರಾದರೂ ಬಾಯಿ ಚಪಲಕ್ಕೆ ಹೇಳಿದರೆ, ಭಾಷಾಶಾಸ್ತ್ರದವರು ತಡೆಯಬೇಕಾಗುತ್ತದೆ. ಏಕೆಂದರೆ ಗುಂಪು ಎಂಬ ಅರ್ಥದ ಸೆಟ್ಟಿನ ಮೂಲ ಬೇರೆ. ಅದು ಲ್ಯಾಟಿನ್ನಿನಲ್ಲಿ ಒಬ್ಬನ ಹಿಂದೆ ಹೋಗುವ ಅನುಯಾಯಿಗಳ ಪಂಥವನ್ನು ಹೇಳುವ ಮಾತಿನಿಂದ ಫ್ರೆಂಚರ ಮೂಲಕ ಬಂದದ್ದು. ಲೆಮನ್ ಸೆಟ್ಟಿನಲ್ಲಿ ಜಗ್ಗು ಗುರು, ಆರು ಲೋಟ ಶಿಷ್ಯರು ಎನ್ನಬಹುದು. ಎರಡೂ ಶಬ್ದಗಳು ಉಚ್ಚಾರಣೆಯಲ್ಲಿ ಒಂದಾಗಿ, ಅರ್ಥಗಳನ್ನು ಕೊಟ್ಟು ತಗೊಂಡು, ಈಗ ಯಾವುದು ಯಾರದೆಂದು ಅವಕ್ಕೇ ಮರೆತಿದೆ. ಇನ್ನು ಸದಸ್ಯ ಎಂದರೆ ಸದಸ್ಸಿನಲ್ಲಿ ಕೂತವನು. ಸದನದ ಬಾವಿಗಿಳಿದು ನಿಂತು ಕೂಗುವ ಗೌರವಾನ್ವಿತರನ್ನು ವ್ಯುತ್ಪತ್ತಿಯ ಪ್ರಕಾರ ಏನೆಂದು ಕರೆಯಬೇಕೋ, ಅದನ್ನು ಸಭಾಧ್ಯಕ್ಷರೇ ತೀರ್ಮಾನಿಸಲಿ.

ಕೂರಿಸು ಎಂಬ ಅರ್ಥದ ಈ ಶಬ್ದ ಮಾತ್ರ ಒಂದು ಕಡೆ ಕೂತ ಜೀವವಲ್ಲ. 1989ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ ಬಂದಾಗ ಅದರ ಅತಿ ಉದ್ದದ ನಮೂದು ಇದರದೇ. ಬರೀ ಕ್ರಿಯಾಪದಕ್ಕೇ 430 ಅರ್ಥಛಾಯೆಗಳು, ವಿವರಣೆಗೆ 60,000 ಪದಗಳು. ಒಂದು ಸಣ್ಣ ಕಾದಂಬರಿಯ ಗಾತ್ರ, ನಾಯಕಿ ಇಲ್ಲ ಅಷ್ಟೇ. ಕನ್ನಡದಲ್ಲೂ ಇಂಥ ತಪಸ್ಸು ಮಾಡಿದವರಿದ್ದಾರೆ. ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಹಿಂದೆ ನಿಂತದ್ದಲ್ಲದೆ, ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಒಡ್ಡಿದ ಶಬ್ದಶಂಕೆಗಳಿಗೆಲ್ಲ ಉತ್ತರ ಕೊಡುತ್ತ ನೂರೇಳು ವರ್ಷ ತುಂಬು ಬಾಳು ಬಾಳಿದರು. ನಿಘಂಟು ಮಾಡುವ ಕೆಲಸಕ್ಕೆ ಅಷ್ಟು ಆಯುಸ್ಸು ಬೇಕೇ ಬೇಕು. ಪದ ಹಿಡಿದು ಕೂರಿಸುವಷ್ಟರಲ್ಲಿ ಅದು ಎದ್ದು ಪಕ್ಕದ ಬೀದಿಗೆ ಹೋಗಿರುತ್ತದೆ.

ಆಕ್ಸ್‌ಫರ್ಡಿನವರು ಹೊಸ ಆವೃತ್ತಿಗೆಂದು ಮತ್ತೆ ಎಣಿಸಿದಾಗ ಸೆಟ್ಟಿನ ಕಿರೀಟ ಉಳಿಯಲಿಲ್ಲ. 2011ರ ಹೊತ್ತಿಗೆ ‘ರನ್’ 645 ಅರ್ಥಗಳೊಂದಿಗೆ ಮುಂದೆ ಬಂತು. ಸಂಪಾದಕ ಪೀಟರ್ ಗಿಲಿವರ್ ಆ ಒಂದು ಶಬ್ದದ ಬೆನ್ನು ಹತ್ತಿದ್ದು ಒಂಬತ್ತು ತಿಂಗಳು. ಯಂತ್ರ ಓಡುತ್ತದೆ, ಗಡಿಯಾರ ಓಡುತ್ತದೆ, ರೈಲು ಓಡುತ್ತದೆ, ಕಂಪ್ಯೂಟರಿನ ಪ್ರೋಗ್ರಾಮೂ ಓಡುತ್ತದೆ. ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಜಗತ್ತು ಓಟಕ್ಕೆ ಬಿದ್ದ ಮೇಲೆ ಓಡುವ ಶಬ್ದ ಕೊಬ್ಬದೆ ಕೂರಿಸುವ ಶಬ್ದ ಕೊಬ್ಬೀತೇ? ನಮ್ಮಲ್ಲಿ ಮಾತ್ರ ರನ್ನಿಗೆ ಇನ್ನೂ ಕ್ರಿಕೆಟ್ಟೇ ಮುಖ್ಯ ಜೀವನೋಪಾಯ. ಬೆಳಿಗ್ಗೆ ಐದಕ್ಕೆ ಟ್ಯೂಷನ್ನಿಗೆ ಓಡಿ, ಆಮೇಲೆ ಸೀಟಿಗೆ ಓಡಿ, ಕ್ಯಾಂಪಸ್ ಇಂಟರ್‌ವ್ಯೂಗೆ ಓಡಿ, ವೀಸಾಕ್ಕೆ ಓಡಿದ ಮಕ್ಕಳ ಬಗ್ಗೆ ನೆಂಟರು ‘ಚೆನ್ನಾಗಿ ಓಡ್ತಿದ್ದಾನಾ?’ ಎಂದು ಕೇಳುವುದಿಲ್ಲ. ಅವರು ಕೇಳುವುದು ಒಂದೇ, ಸೆಟ್ಟಿನ ಒಡಹುಟ್ಟಿದ ಪದದಲ್ಲಿ: ಸೆಟಲ್ ಆದನಾ?

ಮೊನ್ನೆ ಒಂದು ಛತ್ರದಲ್ಲಿ ಊಟದ ಎರಡನೆಯ ಪಂಕ್ತಿಗೆ ಕಾಯುತ್ತಿದ್ದಾಗ ಪಕ್ಕದ ಕುರ್ಚಿಯ ಇಬ್ಬರು ಹಿರಿಯ ಹೆಂಗಸರ ಮಾತು ಕಿವಿಗೆ ಬಿತ್ತು.

‘ನಿಮ್ಮ ದೊಡ್ಡವನು ಸೆಟಲ್ ಆದ್ನೇನ್ರೀ ಸಾವಿತ್ರಮ್ಮ?’

‘ಆದ ಕಣ್ರೀ, ಕೆಲಸ, ಮನೆ ಎಲ್ಲ ಆಯ್ತು. ಈಗ ಆ ಕಂಪನಿ ಸೆಟ್ ಆಗ್ತಿಲ್ವಂತೆ. ಬೇರೆ ಕಡೆ ನೋಡ್ತಿದ್ದಾನೆ.’

‘ಬಿಡಿ, ಎಲ್ಲ ಸೆಟ್ ಆಗುತ್ತೆ.’

ಸಮಾಧಾನ, ಆಶೀರ್ವಾದ, ‘ಈ ವಿಷಯ ಇಲ್ಲಿಗೆ ಸಾಕು, ಎಲೆ ಹಾಕಿದ್ದಾರೆ, ಏಳಿ’ ಎಂಬ ಸೂಚನೆ ಎಲ್ಲವೂ ಆ ಕೊನೆಯ ವಾಕ್ಯದಲ್ಲಿತ್ತು. ಆಕ್ಸ್‌ಫರ್ಡಿನವರು ಇದಕ್ಕೆ ಎಷ್ಟನೆಯ ನಂಬರು ಕೊಡುತ್ತಾರೋ ಕಾದು ನೋಡಬೇಕು.